ಅಕ್ಕನ ಮನೆಯ ಜೀಪು, ಅರ್ಧ ಸುತ್ತಿನ ವ್ಯತ್ಯಾಸ

೧೯೮೪ರಲ್ಲಿ ನಾನು ಕುಂದಗೋಳದ ಒಂದು ಸರಕಾರಿ ವಾಹನ ದುರಸ್ತಿ ಶೆಡ್ಡಿನಲ್ಲಿ ಮೆಕ್ಯಾನಿಕಲ್ ಸೂಪರ್‌ವೈಸರ್ ಆಗಿದ್ದೆ. ವಯಸ್ಸು ಮೂವತ್ತೊಂದು. ಆಟೊಮೊಬೈಲ್ ಡಿಪ್ಲೊಮಾ, ಅದೂ ಫಸ್ಟ್ ಕ್ಲಾಸು. ನನ್ನ ಕೈಕೆಳಗೆ ಆರು ಜೀಪು, ಎರಡು ಲಾರಿ, ಒಂದು ರೋಡ್ ರೋಲರ್ ಇದ್ದವು. ನನ್ನ ಸಹಿ ಬೀಳದೆ ಒಂದು ಗಾಡಿಯೂ ಶೆಡ್ಡಿನಿಂದ ಹೊರಗೆ ಹೋಗುವಂತಿರಲಿಲ್ಲ. ಇಷ್ಟೆಲ್ಲ ಇದ್ದರೂ ನನಗೆ ನೆಮ್ಮದಿ ಇರಲಿಲ್ಲ. ಕಾರಣ, ಹತ್ತಿರದ ಸಂಶಿ ಊರಿನ ಮಾಬೂಸಾಬ ಮಿಸ್ತ್ರಿ.

ಸಂಶಿಯ ಪೇಟೆಯ ಬಾಜು ಮಾಬೂಸಾಬನದೊಂದು ತಗಡಿನ ಶೆಡ್ಡು ಇತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವ. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ನಿಂತನೆಂದರೆ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದ. ನಾನು ಇಪ್ಪತ್ತೆರಡು ಅಂಶಗಳ ತಪಾಸಣಾ ಪಟ್ಟಿ ತುಂಬಿ, ಗೇಜು ಹಚ್ಚಿ, ಅರ್ಧ ದಿನ ಕಳೆದು ಅದೇ ಬೇರಿಂಗಿಗೆ ಬರುತ್ತಿದ್ದೆ. ನನ್ನ ಡ್ರೈವರುಗಳೇ ನಾನು ಊಟಕ್ಕೆ ಹೋದಾಗ ಗಾಡಿ ಸಂಶಿಗೆ ಒಯ್ದು ಅವನಿಗೆ ತೋರಿಸಿಕೊಂಡು ಬರುತ್ತಿದ್ದರು. ಒಬ್ಬನಂತೂ ನನ್ನ ಮುಖಕ್ಕೇ ಕೇಳಿದ್ದ: "ಸಾಹೇಬ್ರ, ನೀವು ಹೇಳಿದ್ದು ಖರೆ ಇರಬೇಕ್ರಿ. ಆದ್ರೂ ಮಾಬೂಸಾಬ್ರಿಗೆ ಒಮ್ಮಿ ಕೇಳಿಕೊಂಡು ಬರಲೇನ್ರಿ?"

ಅವತ್ತು ನನಗೆ ಊಟ ಸೇರಲಿಲ್ಲ. ಮುಚ್ಚಿಡುವುದೇನು, ಅದು ಹೊಟ್ಟೆಕಿಚ್ಚು. ಅವನು ನನಗೆ ಒಂದು ಕೆಟ್ಟ ಮಾತು ಆಡಿದವನಲ್ಲ. ಎದುರಾದಾಗಲೆಲ್ಲ ಎದ್ದು ನಿಂತು "ಬರ್ರಿ ಸಾಹೇಬ್ರ" ಅನ್ನುತ್ತಿದ್ದ. ಹಾಗೆ ಎದ್ದು ನಿಲ್ಲುವುದೂ ನನಗೆ ಸೇರುತ್ತಿರಲಿಲ್ಲ.

ನನ್ನ ಅಕ್ಕ ನೀಲಮ್ಮನನ್ನು ಕೊಟ್ಟದ್ದು ಸಂಶಿಗೆ. ಭಾವ ಚನ್ನಬಸಪ್ಪನವರು ಅಣ್ಣತಮ್ಮಂದಿರಿಂದ ಪಾಲಾದ ಮೇಲೆ ಊರಿನಿಂದ ಎರಡೂವರೆ ಕಿಲೋಮೀಟರ್ ದೂರದ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದರು. ಪಾಲಿನ ಜಗಳದಲ್ಲಿ ಊರೊಳಗಿನ ಮನೆಗಳಿಗೆ ಹೋಗಿಬರುವುದೂ ನಿಂತಿತ್ತು. ಬೇಸಿಗೆಯಲ್ಲಿ ಆ ಹಾದಿ ಸೈಕಲ್ಲಿಗೂ ಸಲೀಸು. ಮಳೆ ಬಿತ್ತೆಂದರೆ ಮುಗಿಯಿತು. ಎರೆ ಮಣ್ಣು ನೀರು ಕುಡಿದು ಅಂಟಿನಂತಾಗುತ್ತದೆ. ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡ್ ತುಂಬಿ ಚಕ್ಕಡಿಯನ್ನೂ ನಿಲ್ಲಿಸುತ್ತದೆ. ನಮ್ಮ ಶೆಡ್ಡಿನಲ್ಲಿದ್ದ ಜೀಪಿನ ಇಂಗ್ಲಿಷ್ ಕೈಪಿಡಿಯಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಗಾಡಿ ಓಡಿಸುವ ಬಗ್ಗೆ ಒಂದು ಅಧ್ಯಾಯವೇ ಇತ್ತು. ಓದಿ ನಗುತ್ತಿದ್ದೆ. ಆ ಪುಸ್ತಕ ಬರೆದವನನ್ನು ಆಷಾಢದಲ್ಲಿ ಒಂದು ದಿನ ಅಕ್ಕನ ಹೊಲಕ್ಕೆ ಕರೆದೊಯ್ಯಬೇಕಿತ್ತು.

ಈ ಹಾದಿಯಿಂದ ಕಷ್ಟಕ್ಕೆ ಸಿಕ್ಕವಳು ಅಕ್ಕನ ಮಗಳು ಸುವರ್ಣಾ. ಸಂಶಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಲೆಕ್ಕದಲ್ಲಿ ಅಗದಿ ಚುರುಕು. ಹಿಂದಿನ ಮಳೆಗಾಲದಲ್ಲಿ ಕೆಸರು ತುಳಿದು ಜ್ವರ ಹಿಡಿದು ಒಂದು ತಿಂಗಳ ಮೇಲೆ ಶಾಲೆ ತಪ್ಪಿತ್ತು. ಹೆಡ್‌ಮಾಸ್ತರರು ಭಾವನನ್ನು ಕರೆಸಿ, ಎಸ್ಸೆಸ್ಸೆಲ್ಸಿ ವರ್ಷ ಹೀಗಾದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂಡಿಸಲು ಬರುವುದಿಲ್ಲ ಎಂದಿದ್ದರು. ಭಾವನ ತಾಯಿ ಬಸಮ್ಮಜ್ಜಿ ಇದಕ್ಕೇ ಕಾದಿದ್ದರು. "ಒಂದ ಮಳಿಗಾಲ ನೋಡತೇನಿ. ಮತ್ತ ಸಾಲಿ ತಪ್ಪಿತಂದ್ರ ಲಗ್ನ ಮಾಡಿಬಿಡೂಣು. ಅಣ್ಣಿಗೇರಿಯವರು ಕೇಳಿ ಹೋಗ್ಯಾರ." ಮುದುಕಿ ಆಡಿದ್ದನ್ನು ಮಾಡುವವಳು. ಹುಡುಗಿಗೆ ಹದಿನಾರು ಕೂಡ ತುಂಬಿರಲಿಲ್ಲ.

ಅದಕ್ಕೇ ಭಾವ ಒಂದು ಹಳೆಯ ಫೋರ್ ವ್ಹೀಲ್ ಜೀಪು ಕೊಳ್ಳುವುದೆಂದು ಗಟ್ಟಿ ಮಾಡಿದರು. ಸಾಮಾನ್ಯ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಎರಡೇ ಗಾಲಿಗೆ ಹೋಗುತ್ತದೆ. ಇದರಲ್ಲಿ ಇನ್ನೊಂದು ಲಿವರ್ ಇರುತ್ತದೆ. ಅದನ್ನು ಎಳೆದರೆ ಮುಂದಿನ ಎರಡು ಗಾಲಿಗಳೂ ಎಳೆಯತೊಡಗುತ್ತವೆ. ಶಾಲೆಗೆ ಮಗಳು, ಸಂತೆಗೆ ಅಕ್ಕ, ದವಾಖಾನೆಗೆ ಮುದುಕಿ, ಎಲ್ಲರಿಗೂ ಆಗುತ್ತದೆ ಎಂಬುದು ಭಾವನ ವಿಚಾರ. ಗಾಡಿ ಆರಿಸಲು ಅಕ್ಕ ನನಗೆ ಹೇಳಿಕಳಿಸಿದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ ಆ ರವಿವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ಮೊದಲು ನವಲಗುಂದದಲ್ಲಿ ಒಂದು ಜೀಪು ನೋಡಿದೆವು. ಲಿವರ್ ಇತ್ತು, ಆದರೆ ಕೆಳಗೆ ಬಗ್ಗಿ ನೋಡಿದರೆ ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟೇ ಇಲ್ಲ. ಡೀಸೆಲ್ ಉಳಿಯಲೆಂದು ಬಿಚ್ಚಿ ಮಾರಿಬಿಟ್ಟಿದ್ದರು. ಎರಡನೆಯದು ದುಮ್ಮವಾಡದ್ದು, ಬಣ್ಣ ಹೊಸದು, ಚಾಸಿ ಒಳಗಿಂದ ತುಕ್ಕು ತಿಂದಿತ್ತು. ಎರಡನ್ನೂ ನಾನು ಬೇಡವೆಂದೆ. ಭಾವ ನನ್ನನ್ನು ನೋಡಿದ ರೀತಿಯಲ್ಲೇ ಮೆಚ್ಚಿಗೆ ಇತ್ತು.

ಮುಂದಿನ ರವಿವಾರ ನೋಡಿದ ಮೂರನೆಯದು ಅಣ್ಣಿಗೇರಿಯ ಒಬ್ಬ ಗುತ್ತಿಗೆದಾರನದು; ಹೆಣ್ಣು ಕೇಳಿದವರಲ್ಲ, ಬೇರೆ ಮನೆ. ಹಸಿರು ಬಣ್ಣ, ಎಂಜಿನ್ ಗಟ್ಟಿ, ಹೊಗೆ ಇಲ್ಲ. ಅವನ ಅಂಗಳದ ಧೂಳಿನಲ್ಲಿ ಫೋರ್ ವ್ಹೀಲ್ ಹಾಕಿ ಓಡಿಸಿದೆ. ನಾಲ್ಕೂ ಗಾಲಿ ಎಳೆದವು. ನನ್ನ ಪಟ್ಟಿಯ ಇಪ್ಪತ್ತೆರಡು ಅಂಶಗಳ ಪೈಕಿ ಇಪ್ಪತ್ತೊಂದಕ್ಕೆ ಸರಿ ಗುರುತು ಬಿತ್ತು. "ತಗೊಳ್ಳಿ" ಎಂದೆ. ಭಾವ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಅಂದರು: "ನೀ ಹೇಳಿದ ಮ್ಯಾಲ ಮುಗೀತು. ಆದ್ರೂ ಮಾಬೂಸಾಬನ್ನೂ ಬಾ ಅಂತ ಹೇಳೇನಿ. ಒಂದ ಕಣ್ಣು ಹಾಕಲಿ."

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನೂರು ಸಲ ಕೇಳಿದ್ದೆ. ಅವತ್ತು ಆ ಗಿಡ ನಾನೇ ಆಗಿದ್ದೆ.

ಮಾಬೂಸಾಬ ಮಧ್ಯಾಹ್ನದ ಬಸ್ಸಿಗೆ ಬಂದ. ಬಾನೆಟ್ ತೆಗೆಯಲಿಲ್ಲ, ಬಗ್ಗಿ ನೋಡಲಿಲ್ಲ. ಜೀಪನ್ನು ಡಾಂಬರು ರಸ್ತೆಗೆ ತಂದು ಫೋರ್ ವ್ಹೀಲ್ ಹಾಕಿ ನೆಟ್ಟಗೆ ಒಂದು ಫರ್ಲಾಂಗ್ ಮೆಲ್ಲಗೆ ಓಡಿಸಿದ. ನಿಲ್ಲಿಸಿ ಲಿವರ್ ಬಿಡಿಸಲು ನೋಡಿದ, ಬರಲಿಲ್ಲ. ನಾಲ್ಕು ಮಾರು ಹಿಂದಕ್ಕೆ ತಂದ ಮೇಲೆ ಬಿಟ್ಟಿತು. ಇಳಿದು ಭಾವನಿಗೆ ಹೇಳಿದ: "ಬ್ಯಾಡ್ರಿ ಗೌಡ್ರ. ಮುಂದಿಂದು ಹಿಂದಿಂದು ಜೋಡಿ ಅಲ್ಲ. ಒಂದ ಎತ್ತು ಬಿರುಸು, ಒಂದ ಎತ್ತು ಸಾವಕಾಶ. ನೊಗಾ ಮುರೀತಾವ್ರಿ."

ಭಾವನಿಗೆ ಅರ್ಥವಾಗಲು ಇಷ್ಟೇ ಸಾಕಾಯಿತು. ಇದನ್ನೇ ನಾನು ಹೇಳಿದ್ದರೆ ಅರ್ಧ ತಾಸು ಬೇಕಾಗುತ್ತಿತ್ತು. ಎರಡು ಗಾಲಿಗಳನ್ನು ಕೂಡಿಸುವ ಪ್ರತಿ ಆಕ್ಸಲಿನ ನಡುವಿನ ಗುಂಡು ಪೆಟ್ಟಿಗೆಯಲ್ಲಿ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರವೂ ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಚಕ್ರವೂ ಇರುತ್ತವೆ. ಮುಂದೆ, ಹಿಂದೆ ಎರಡೂ ಕಡೆ ಹಲ್ಲಿನ ಲೆಕ್ಕ ಒಂದೇ ಇರಬೇಕು. ಎಲ್ಲೋ ಅಪಘಾತವಾಗಿ ಬೇರೆ ಗಾಡಿಯ ಆಕ್ಸಲ್ ಕೂಡಿಸಿದ್ದರೆ ಲೆಕ್ಕ ತಪ್ಪುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಹೇಗೋ ಸರಿದೂಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಜಾಗವಿಲ್ಲ, ಏನಾದರೊಂದು ಮುರಿಯಲೇಬೇಕು. ನನ್ನ ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ಇಪ್ಪತ್ತೆರಡನೆಯ ಅಂಶ ಇದೇ. ಜಾಕ್ ತರಿಸಬೇಕಲ್ಲ ಎಂದು ಬಿಟ್ಟಿದ್ದೆ.

ನಾನು ನಕ್ಕೆ. "ಮಾಬೂಸಾಬ್ರ, ಡಾಂಬರಿನ ಮ್ಯಾಲ ಫೋರ್ ವ್ಹೀಲ್ ಹಾಕಬಾರದಂತ ಪುಸ್ತಕದಾಗ ಬರದಾರ. ಲಿವರ್ ಹಿಡಿಯೂದು ಸಹಜ."

"ಹೌದ್ರಿ ಸಾಹೇಬ್ರ, ತಿರುವಿನಾಗ ಹಿಡೀತದ. ನಾ ನೆಟ್ಟಗ ಹೊಡದೇನಿ. ಜಾಕ್ ಏರಿಸಿ ಎಣಿಸಿ ನೋಡ್ರಿ, ಗೊತ್ತಾಗತದ."

ಅವನು ಹೇಳಿದ್ದು ಸರಿ ಎಂದು ಆ ಕ್ಷಣವೇ ನನಗೆ ಅನ್ನಿಸಿತ್ತು. ಇಪ್ಪತ್ತು ನಿಮಿಷದ ಕೆಲಸ. ಆದರೆ ಅವನು ಹೇಳಿದ ಮೇಲೆ ನಾನು ಎಣಿಸುವುದೇ? "ಏಳು ವರ್ಷದಿಂದ ಇದನ್ನ ಮಾಡಕೋತ ಬಂದೇನಿ. ನನಗ ಎಣಿಸಲಿಕ್ಕೆ ಕಲಿಸಬ್ಯಾಡ್ರಿ" ಎಂದೆ. ಅವನು ಮುಂದಿನ ಬಸ್ಸಿಗೆ ಹೋದ. ಭಾವ ಮತ್ತೊಮ್ಮೆ ಗಾಡಿಯನ್ನು ಸುತ್ತಿ ನೋಡಿ, ಕಡೆಗೆ ಮೈದುನನ ಮಾತು ಮೀರಲಾಗದೆ ಜೀಪು ಕೊಂಡರು. ಸಂಶಿಯ ಪೇಟೆಯಲ್ಲಿ ಮಾಬೂಸಾಬನ ಶೆಡ್ಡಿನ ಮುಂದೆ ನಾನು ಬೇಕೆಂದೇ ಹಾರ್ನ್ ಬಾರಿಸಿಕೊಂಡು ಜೀಪು ಓಡಿಸಿದೆ. ಅವನು ಎದ್ದು ನಿಂತ.

ಎಂಟು ದಿನ ಕಳೆಯಿತು. ಒಳಗೆ ಹುಳ ಕೊರೆಯುತ್ತಲೇ ಇತ್ತು. ಮೇ ತಿಂಗಳ ಇನ್ನೊಂದು ರವಿವಾರ ಅಕ್ಕನ ಮನೆಗೆ ಹೋದೆ. ಭಾವ ಇರಲಿಲ್ಲ. ಶಾಲೆಗೆ ಬೇಸಿಗೆ ಸೂಟಿ ಇದ್ದುದರಿಂದ ಮನೆಯಲ್ಲಿದ್ದ ಸುವರ್ಣಾಳನ್ನು ಕರೆದು, "ಬಾರವಾ, ಒಂದ ಲೆಕ್ಕ ಐತಿ" ಎಂದೆ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದೆ, ಇನ್ನೊಂದು ನೆಲದ ಮೇಲೆಯೇ ಇತ್ತು. ಹೀಗಿದ್ದಾಗ ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರೆ ಒಳಗಿನ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ಹಾಕಿತು ಎಂದು ಎಣಿಸಿದರೆ ಅದೇ ಆ ಆಕ್ಸಲಿನ ಲೆಕ್ಕ. ನಾನು ಗಾಲಿ ತಿರುಗಿಸಿದೆ, ಅವಳು ಕೆಳಗೆ ಮಲಗಿ ಎಣಿಸಿದಳು. ಹಿಂದೆ ಐದು ಸುತ್ತು, ಮೇಲೆ ಎಂಟನೇ ಮೂರು ಬಂತು. ಮುಂದೆ ಐದು ಕೂಡ ತುಂಬಲಿಲ್ಲ. ಮೂರು ಸಲ ಮಾಡಿದೆವು. ಮೂರು ಸಲವೂ ಅರ್ಧ ಸುತ್ತು ಕಡಿಮೆ.

ಅವಳು ಎದ್ದು ಕೂತು ಉಟ್ಟ ಪರಕಾರದ ಧೂಳು ಝಾಡಿಸಿಕೊಳ್ಳುತ್ತ ಕೇಳಿದಳು: "ಎರಡೂ ಒಂದ ಬರಬೇಕಿತ್ತೇನು ಮಾಮಾ?"

"ಹಂಗೇನಿಲ್ಲವಾ" ಎಂದೆ. "ಮುಂದಿನ ಗಾಲಿಗೆ ಭಾರ ಕಡಿಮಿ ಇರತದ. ಅದಕ್ಕ."

ಅದು ಅರ್ಥವಿಲ್ಲದ ಮಾತು. ಡಿಪ್ಲೊಮಾ ಓದಿದ ಮಾಮಾ ಹೇಳಿದ್ದಾನೆಂದು ಅವಳು ತಲೆಯಾಡಿಸಿದಳು. ಮಳೆಗೆ ಇನ್ನೂ ಮೂರು ವಾರ ಇತ್ತು. ಕ್ರೌನ್ ಪಿನಿಯನ್ ಬದಲಿಸಲು ಒಂದು ವಾರ ಸಾಕು. ಭಾವನಿಗೆ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಿದರೆ ಸಂಶಿಯ ಪೇಟೆಯ ತುಂಬ ಮಾಬೂಸಾಬನ ಮಾತೇ ಖರೆಯಾಯಿತು ಎಂದಾಗುತ್ತಿತ್ತು. ಯಾರಿಗೂ ಹೇಳದೆ ಹೊಂದುವ ಜೋಡಿ ತಂದು ಕೂಡಿಸಿಬಿಡೋಣವೆಂದು ಎರಡು ಸಲ ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಸಿಗಲಿಲ್ಲ. ಎಲ್ಲಿ ಸಿಗುತ್ತದೆಂದು ತಿಳಿದವನು ಒಬ್ಬನೇ ಇದ್ದ, ಅವನನ್ನು ಕೇಳುವಂತಿರಲಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಜೀಪು ಎರೆಯನ್ನು ಸೀಳಿಕೊಂಡು ಹೋಯಿತು. ಹದಿಮೂರು ದಿನ ಸುವರ್ಣಾ ಒಂದು ದಿನವೂ ತಪ್ಪದೆ ಶಾಲೆಗೆ ಹೋದಳು. ಬಸಮ್ಮಜ್ಜಿ ಕೂಡ ಒಂದು ದಿನ ಜೀಪಿನಲ್ಲಿ ಕೂತು ಪೇಟೆಗೆ ಹೋಗಿಬಂದರಂತೆ. ನಾನು ತಪ್ಪಿಸಿಕೊಂಡೆ ಎಂದುಕೊಂಡೆ. ಆಮೇಲೆ ತಿಳಿಯಿತು, ದಿನಾ ಕೆಸರು ದಾಟಿ ಡಾಂಬರಿಗೆ ಏರಿದ ಮೇಲೆ ಲಿವರ್ ಹಿಡಿದುಕೊಳ್ಳುತ್ತಿತ್ತು. ಭಾವ ಹಿಂದೆ ಮುಂದೆ ಮಾಡಿ ಬಿಡಿಸುತ್ತಿದ್ದರು. ಹದಿನಾಲ್ಕನೆಯ ದಿನ ಅದು ಬಿಡಲೇ ಇಲ್ಲ. ಶಾಲೆಗೆ ಹೊತ್ತಾಗುತ್ತದೆಂದು ಹಾಗೇ ಓಡಿಸಿದರು. ಹೈಸ್ಕೂಲು ಕಾಣುವಷ್ಟು ದೂರದಲ್ಲಿ ಮುಂದಿನ ಶಾಫ್ಟಿನ ಕೀಲಾದ ಕ್ರಾಸ್ ತುಂಡಾಗಿ, ಬಿಚ್ಚಿದ ಶಾಫ್ಟ್ ಬೀಸಿ ಹೊಡೆದು, ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸೇ ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ನನ್ನ ಪುಣ್ಯ. ಜೀಪಿಗೆ ಎತ್ತು ಹೂಡಿ ಎಳೆದು ಹತ್ತಿರದ ಶೆಡ್ಡಿಗೆ ಮುಟ್ಟಿಸಿದರು. ಹತ್ತಿರದ ಶೆಡ್ಡು ಮಾಬೂಸಾಬನದು.

ಸುದ್ದಿ ತಿಳಿದು ಕುಂದಗೋಳದಿಂದ ಬಸ್ಸಿಗೆ ಹೋದೆ. ಜೀವನದಲ್ಲಿ ಮೊದಲ ಸಲ ಆ ತಗಡಿನ ಕೆಳಗೆ ಕಾಲಿಟ್ಟೆ. ಭಾವ, ಸುವರ್ಣಾ, ಕೆಸರು ತುಳಿದುಕೊಂಡೇ ಬಂದಿದ್ದ ಅಕ್ಕ, ಮೂವರೂ ಅಲ್ಲಿದ್ದರು. ಮಾಬೂಸಾಬ ಗಾಡಿಯ ಕೆಳಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಅಕ್ಕ ನನ್ನನ್ನು ಕಂಡದ್ದೇ, "ಮನ್ಯಾಗ ಅತ್ತಿ ಆಗಲೇ ಅಣ್ಣಿಗೇರಿಗೆ ಹೇಳಿಕಳಸ್ರಿ ಅನ್ನಾಕತ್ತಾರ. ಏನಾತೋ ಇದಕ್ಕ?" ಎಂದಳು.

ನಾನು ಒಂದು ಸಲ ಬಗ್ಗಿ ನೋಡಿದ ಹಾಗೆ ಮಾಡಿ, ಎದ್ದು, ಸೂಪರ್‌ವೈಸರನ ಧ್ವನಿಯಲ್ಲಿ ಹೇಳಿದೆ: "ಭಾವಾರು ಡಾಂಬರಿನ ಮ್ಯಾಲ ಫೋರ್ ವ್ಹೀಲ್‌ನಾಗ ಓಡಿಸ್ಯಾರ. ಯಾವ ಗಾಡಿನೂ ತಾಳೂದಿಲ್ಲ."

ಭಾವ ತಲೆ ಬಗ್ಗಿಸಿದರು. "ನನ್ನ ತಪ್ಪಪಾ. ಲಿವರ್ ಬರಲಿಲ್ಲ. ಹುಡುಗಿಗೆ ಹೊತ್ತಾಗತಿತ್ತು."

ಮಾಬೂಸಾಬ ಗಾಡಿಯ ಕೆಳಗಿನಿಂದ ಹೊರಗೆ ಬಂದ. ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಲಿಲ್ಲ. ಯಾರಿಗೆ ಎನ್ನದೆ ಕೇಳಿದ: "ಸುತ್ತು ಯಾರರ ಎಣಿಸಿದ್ರೇನು?"

"ನಾ ಎಣಿಸೇನ್ರಿ" ಎಂದಳು ಸುವರ್ಣಾ. "ಹಿಂದ ಐದು ಸುತ್ತು, ಮ್ಯಾಲ ಎಂಟನೇ ಮೂರು. ಮುಂದ ಅರ್ಧ ಸುತ್ತು ಕಡಿಮಿ."

"ಯಾವಾಗವಾ?"

"ಸೂಟ್ಯಾಗ. ಮಾಮಾ ಗಾಲಿ ತಿರುಗಿಸಿದ." ಅಷ್ಟು ಹೇಳಿ ನನ್ನನ್ನು ನೋಡಿದಳು. ಹೇಳುವಾಗಲೇ ಅವಳಿಗೆ ಅರ್ಥವಾಗುತ್ತ ಬಂದಿತ್ತು. ಮುಖ ಸಣ್ಣದಾಯಿತು.

ಮಾಬೂಸಾಬ ಗಡಿಬಿಡಿಯಿಂದ, "ಇರಲಿ ಬಿಡ್ರಿ, ಎಣಿಕಿ ಒಮ್ಮೊಮ್ಮಿ ತಪ್ಪತೈತಿ" ಎಂದ. ನನ್ನ ಮಾನ ಉಳಿಸಲು ನೋಡಿದ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು. ಕೆಲಸದಲ್ಲಿ ನನಗಿಂತ ಮೇಲಿದ್ದ. ದೊಡ್ಡತನದಲ್ಲೂ ಅವನೇ ಮೇಲಾಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಆ ಹುಡುಗಿಯ ಎಣಿಕೆಗೆ ತಪ್ಪು ಹೊರಿಸಿ ಬದುಕಿಕೊಳ್ಳುವುದೂ ನನ್ನಿಂದ ಆಗಲಿಲ್ಲ.

"ಎಣಿಕಿ ಬರೋಬ್ಬರಿ ಐತಿ" ಎಂದೆ. "ಭಾವಾರದು ತಪ್ಪಿಲ್ಲ. ನನಗ ಮೇ ತಿಂಗಳದಾಗ ಗೊತ್ತಾಗಿತ್ತು."

ಅಕ್ಕ ನಂಬಲಾರದವಳಂತೆ ನೋಡಿದಳು. "ಗೊತ್ತಿದ್ದೂ ಯಾಕ ಸುಮ್ಮನಿದ್ದೆಲೇ?"

"ಹೇಳಿದ್ರ ಮಾಬೂಸಾಬ್ರು ಹೇಳಿದ್ದು ಖರೆ ಆಗತಿತ್ತು."

ಅಕ್ಕ ಬಯ್ಯಬಹುದೆಂದು ಕಾದೆ. ಅವಳು ಮಾಬೂಸಾಬನ ಕಡೆ ತಿರುಗಿ, "ಎಷ್ಟು ದಿನ ಹಿಡೀತದ್ರಿ ಚಾಚಾ?" ಎಂದು ಕೇಳಿದಳು. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಒಂಬತ್ತು ದಿನ ಹಿಡಿಯಿತು. ಮಾಬೂಸಾಬ ಒಂದೇ ದಿನದಲ್ಲಿ ಗದಗದಿಂದ ಹೊಂದುವ ಕ್ರೌನ್ ಪಿನಿಯನ್ ತರಿಸಿದ; ನಾನು ಎರಡು ಸಲ ಅಲೆದು ಬರಿಗೈಯಲ್ಲಿ ಬಂದದ್ದು ಅದಕ್ಕೇ. ಆ ಒಂಬತ್ತು ದಿನ ನಾನು ರಜೆ ಹಾಕಿ ಅಕ್ಕನ ಮನೆಯಲ್ಲಿ ಉಳಿದೆ. ಬಸಮ್ಮಜ್ಜಿಯ ಮುಂದೆ ಕೂತು, ತಪ್ಪು ಗಾಡಿಯದಲ್ಲ, ಮಳೆಯದಲ್ಲ, ಹುಡುಗಿಯದಲ್ಲ, ನನ್ನದು ಎಂದು ಹೇಳಿದೆ. ಮುದುಕಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಿನ್ನ ತಪ್ಪಿಗೆ ನೀನ ಹೊತಗೊಂಡು ಹೋಗು. ಒಂದ ವಾರಕ್ಕಿಂತ ಹೆಚ್ಚು ಸಾಲಿ ತಪ್ಪಬಾರದು. ತಪ್ಪಿದ್ರ ನಾ ಹೇಳಿದಂಗ" ಎಂದರು. ದಿನಾ ಬೆಳಗ್ಗೆ ಎರಡು ತಾಸು ಮೊದಲೇ ನಾನೂ ಸುವರ್ಣಾಳೂ ಹೊರಟೆವು. ಅವಳ ಪಾಟಿಚೀಲ ನನ್ನ ತಲೆಯ ಮೇಲೆ, ಚಪ್ಪಲಿ ಕೈಯಲ್ಲಿ. ಒಂದೊಂದು ಹೆಜ್ಜೆಗೆ ಒಂದೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಹುಣಸೆ ಕಡ್ಡಿಯಿಂದ ಕೆರೆದುಕೊಂಡು ಮತ್ತೆ ನಡೆಯುವುದು. ಎರಡು ದಿನ ಹಾದಿಗೆ ಅಡ್ಡ ಹರಿಯುವ ಹಳ್ಳ ತುಂಬಿ ತಿರುಗಿ ಬಂದೆವು. ಉಳಿದ ದಿನ ಮುಟ್ಟಿಸಿದೆ. ಹಾದಿಯಲ್ಲಿ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. ಐದನೆಯ ದಿನವೋ ಏನೋ, ಮುಂದೆ ನೋಡುತ್ತಲೇ ಅಂದಳು: "ನಾ ತಪ್ಪು ಎಣಿಸೇನಿ ಅಂತ ನೀ ಅಂದಿದ್ರ ನಾ ನಂಬತಿದ್ದೆ ಮಾಮಾ."

ಜೀಪು ರಿಪೇರಿಯಾಗಿ ಬಂತು. ಆ ಮಳೆಗಾಲವೂ ಕಳೆಯಿತು. ಸುವರ್ಣಾ ಪರೀಕ್ಷೆಗೆ ಕೂತಳು, ಪಾಸಾದಳು, ಧಾರವಾಡಕ್ಕೆ ಕಾಲೇಜಿಗೂ ಹೋದಳು. ಅಣ್ಣಿಗೇರಿಯವರು ಬೇರೆ ಕಡೆ ಹೆಣ್ಣು ನೋಡಿಕೊಂಡರು. ಸಂಶಿಯಲ್ಲಿ ಆ ಗಾಡಿಗೆ ಬಿದ್ದ ಹೆಸರು "ಮಾಬೂಸಾಬನ ಜೀಪು". ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಅರ್ಧ ಸುತ್ತಿಗೆ ಹೋಗಿತ್ತು. ಮುಂದೆ ಎಷ್ಟೋ ವರ್ಷ ಅಕ್ಕ ಹೊಲಿಗೆ ಮಷಿನ್ ಕೆಟ್ಟರೂ ಅವನ ಶೆಡ್ಡಿಗೇ ಕಳಿಸುತ್ತಿದ್ದಳು. ಜೀಪಿನ ಮಿಸ್ತ್ರಿಗೆ ಹೊಲಿಗೆ ಮಷಿನ್! ನನಗೆ ಒಂದು ಮಾತು ಕೇಳುತ್ತಿರಲಿಲ್ಲ.

ನಿವೃತ್ತಿಯಾಗುವವರೆಗೆ ನನ್ನ ಕೈಕೆಳಗೆ ಬಂದ ಹೊಸಬರಿಗೆಲ್ಲ ನಾನು ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದೆ. ನಿಮಗೆ ಸೇರದ ಮನುಷ್ಯ ಗಾಡಿಯಲ್ಲಿ ಒಂದು ದೋಷ ಹೇಳಿದರೆ ಅದನ್ನೇ ಮೊದಲು ಪರೀಕ್ಷಿಸಿರಿ. ಸೇರುವವರು ಹೇಳಿದ್ದನ್ನು ಹೇಗೂ ಪರೀಕ್ಷಿಸುತ್ತೀರಿ. ಇದನ್ನು ಯಾವ ಡಿಪ್ಲೊಮಾದಲ್ಲೂ ಹೇಳಿಕೊಡುವುದಿಲ್ಲ. ಹೊಟ್ಟೆಕಿಚ್ಚು ಇದರಿಂದ ಹೋಗುತ್ತದೆಂದು ಮಾತ್ರ ನಾನು ಯಾರಿಗೂ ಹೇಳಿಲ್ಲ. ನನ್ನದು ಹೋಗಲಿಲ್ಲ.

ಸುವರ್ಣಾ ನೌಕರಿಗೆ ಸೇರಿ ಮೊದಲ ಸ್ಕೂಟರ್ ಕೊಳ್ಳುವಾಗ ನನಗೊಂದು ಕಾರ್ಡು ಬರೆದಳು. ಹಳೆಯದೊಂದು ನೋಡಿದ್ದೇನೆ, ರವಿವಾರ ಸಂಶಿಗೆ ಬಾ ಮಾಮಾ, ನೀನೂ ನೋಡಬೇಕು ಎಂದಿತ್ತು. ಕಾರ್ಡು ಹಿಡಿದುಕೊಂಡು ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಕೆಳಗೆ ಇನ್ನೊಂದು ಸಾಲು ಇತ್ತು, ಅದನ್ನು ಓದಿ ಹೇಳಲಿಲ್ಲ: "ಮೊದಲು ಮಾಬೂಸಾಬ್ ಚಾಚಾ ನೋಡತಾರ, ಆಮೇಲೆ ನೀನು."

ಹೋದೆ. ಆಮೇಲೆಯೇ ನೋಡಿದೆ.